ಉಚಿತ ನೀಟ್ ತರಬೇತಿ: ಸಾಥಿ, ದಕ್ಷಣಾ, ಸರ್ಕಾರಿ ಪಿಯು ತರಗತಿ ಮತ್ತು ‘ಸ್ಕಾಲರ್‌ಶಿಪ್’ ಬ್ಯಾಚು

ಕೈಯಲ್ಲಿ ದುಡ್ಡಿಲ್ಲದೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಓದಬಹುದೇ ಎಂದು ಯಾರಾದರೂ ಕೇಳಿದರೆ ಇವತ್ತು ಧೈರ್ಯವಾಗಿ ಹೌದು ಎನ್ನಬಹುದು. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ನಡೆಸುವ ‘ಸಾಥಿ’ ಇದೆ. ನವೋದಯದ ಮಕ್ಕಳಿಗೆ ದಕ್ಷಣಾ ಫೌಂಡೇಶನ್ ಇದೆ. ಸರ್ಕಾರಿ ಪಿಯು ಕಾಲೇಜಿನವರಿಗೆ ರಾಜ್ಯ ಸರ್ಕಾರದ ಉಚಿತ ತರಗತಿ ಇದೆ. ಖಾಸಗಿ ಕೋಚಿಂಗ್‌ನವರ ಸ್ಕಾಲರ್‌ಶಿಪ್ ಬ್ಯಾಚುಗಳಂತೂ ಬಸ್ ಸ್ಟ್ಯಾಂಡಿನ ಪ್ರತಿ ಕಂಬದಲ್ಲೂ ನೇತಾಡುತ್ತವೆ. ಪಾಠ ಸಿಗಲಿಲ್ಲ ಎಂಬ ಕಾರಣಕ್ಕೆ ಸೀಟು ತಪ್ಪುವ ಕಾಲ ಹೆಚ್ಚುಕಡಿಮೆ ಮುಗಿದಿದೆ.

ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಈಗ ಸೋಲುವುದು ಬೇರೆ ಜಾಗಗಳಲ್ಲಿ. ಪ್ರಶ್ನೆಯ ಇಂಗ್ಲಿಷ್ ಓದುವಾಗ. ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಮಾಡುವಾಗ. ಬರೆದ ಟೆಸ್ಟಿನ ತಪ್ಪುಗಳನ್ನು ಪಕ್ಕದಲ್ಲಿ ಕೂತು ನೋಡುವವರಿಲ್ಲದಾಗ. ಕೊನೆಗೆ, ಅಂಕ ಬಂದ ಮೇಲೂ, ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೇಳುವ ದಾಖಲೆಗಳಲ್ಲಿ. ಯಾವ ತರಬೇತಿ ಒಳ್ಳೆಯದು ಎಂಬುದನ್ನು ಇಲ್ಲಿ ಈ ನಾಲ್ಕರ ಮೇಲೆ ಅಳೆದಿದ್ದೇವೆ. ಅಧ್ಯಾಪಕರ ಡಿಗ್ರಿ, ಕಟ್ಟಡ, ಎಸಿ, ಆ್ಯಪ್‌ನ ಬಣ್ಣ ಇವುಗಳಿಗೆ ಅಂಕ ಕೊಟ್ಟಿಲ್ಲ.

ಮೊದಲು ಪರೀಕ್ಷೆಯ ಆಕಾರ ಗೊತ್ತಿರಲಿ, ಏಕೆಂದರೆ ಉಚಿತ ಸಾಮಗ್ರಿಯಲ್ಲಿ ಹಳಸಿದ್ದು ಬಹಳ. 2025ರಿಂದ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1, ಒಟ್ಟು 720. ಇದಕ್ಕೂ ಮುಂಚಿನ ಕೆಲವು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸುವ ಆಯ್ಕೆಯಿತ್ತು, ಸಮಯವೂ 20 ನಿಮಿಷ ಹೆಚ್ಚಿತ್ತು. ನಿಮ್ಮ ತರಬೇತಿಯವರು ಇನ್ನೂ ‘ಸೆಕ್ಷನ್ ಬಿ’ಯಲ್ಲಿ 15ಕ್ಕೆ 10 ಆರಿಸಿ ಎನ್ನುವ ಮಾಕ್ ಟೆಸ್ಟ್ ಕೊಡುತ್ತಿದ್ದರೆ, ಆ ಪ್ರಶ್ನೆಪತ್ರಿಕೆ ಯಾವುದೋ ಹಳೆಯ ಕಪಾಟಿನಿಂದ ಬಂದಿದೆ ಎಂದರ್ಥ.

ಪಠ್ಯಕ್ರಮದಲ್ಲೂ ಇದೇ ಪರೀಕ್ಷೆ ಮಾಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಕೊನೆಯಲ್ಲಿ ಹೊರಡಿಸಿದ ಪಠ್ಯಕ್ರಮದಲ್ಲಿ ಭೌತಶಾಸ್ತ್ರಕ್ಕೆ 20, ರಸಾಯನಶಾಸ್ತ್ರಕ್ಕೆ 20, ಜೀವಶಾಸ್ತ್ರಕ್ಕೆ 10 ಘಟಕಗಳಿವೆ. ಪಾಲಿಮರ್, ಘನಸ್ಥಿತಿ, ಸರ್ಫೇಸ್ ಕೆಮಿಸ್ಟ್ರಿ, ಜೀರ್ಣಕ್ರಿಯೆ, ಪರಿಸರ ಸಮಸ್ಯೆಗಳು ಹೊರಗೆ ಹೋದವು. ಭೌತಶಾಸ್ತ್ರದಲ್ಲಿ ಪ್ರಯೋಗ ಕೌಶಲ, ರಸಾಯನಶಾಸ್ತ್ರದಲ್ಲಿ ಪ್ರಾಯೋಗಿಕ ತತ್ವಗಳು ಒಳಗೆ ಬಂದವು. ವೇಳಾಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಪಾಲಿಮರ್‌ಗೆ ಎರಡು ದಿನ ಇದ್ದು, ವರ್ನಿಯರ್ ಕ್ಯಾಲಿಪರ್ಸ್ ಮತ್ತು ಲವಣ ವಿಶ್ಲೇಷಣೆಗೆ ಒಂದು ಗಂಟೆಯೂ ಇಲ್ಲದಿದ್ದರೆ ಉಳಿದದ್ದನ್ನು ವಿಚಾರಿಸುವ ಅಗತ್ಯವಿಲ್ಲ.

ಸಾಥಿ

2023ರಲ್ಲಿ ಆರಂಭವಾದ ಈ ಜಾಲತಾಣ ಮತ್ತು ಆ್ಯಪ್ ಪೂರ್ತಿ ಉಚಿತ. ನೋಂದಣಿಗೆ ಜಾತಿ, ಆದಾಯ ಯಾವುದೂ ಅಡ್ಡಿಯಿಲ್ಲ, ಸೀಟು ಭರ್ತಿಯಾಯಿತು ಎನ್ನುವ ಮಾತೂ ಇಲ್ಲ. ಐಐಟಿ, ಏಮ್ಸ್‌ಗಳಲ್ಲಿ ಓದಿದವರು ಮಾಡುವ ವಿಡಿಯೊ ಪಾಠ, ಎನ್‌ಸಿಇಆರ್‌ಟಿ ಪುಸ್ತಕದ ಪ್ರಶ್ನೆಗಳಿಗೆ ಪರಿಹಾರ, ಮಾಕ್ ಟೆಸ್ಟ್, ಪರೀಕ್ಷೆಗೆ ಮುಂಚಿನ ಕ್ರ್ಯಾಶ್ ಕೋರ್ಸ್ ಸಿಗುತ್ತವೆ. ಕರ್ನಾಟಕದ ಪಿಯು ಮಂಡಳಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವನ್ನೇ ಬಳಸುವುದರಿಂದ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಾಲೇಜಿನ ಓದಿಗೂ ನೀಟ್ ಓದಿಗೂ ಬೇರೆ ಬೇರೆ ಪುಸ್ತಕ ಬೇಕಿಲ್ಲ.

ಇದರ ಅತಿ ಬೆಲೆಬಾಳುವ ಭಾಗ ಟೆಸ್ಟ್ ವ್ಯವಸ್ಥೆ. ಪಾಠದ ವಿಡಿಯೊಗಳು ಬೇರೆ ಕಡೆಯೂ ಪುಕ್ಕಟೆ ಸಿಗುತ್ತವೆ. ಬರೆದ ತಕ್ಷಣ ಅಂಕ ಹೇಳಿ, ಮತ್ತೆ ಬರೆಯಲು ಬಿಡುವ ಟೆಸ್ಟ್ ಪುಕ್ಕಟೆ ಸಿಗುವುದು ಕಡಿಮೆ. ಹಾಗಾಗಿ ಸಾಥಿಗೆ ಸೇರಿದ ಮಗು ಮೊದಲ ದಿನವೇ ವಿಡಿಯೊ ಪಟ್ಟಿಯ ಮೊದಲ ಸಾಲಿನಿಂದ ನೋಡುತ್ತಾ ಹೋಗುವುದು ತಪ್ಪು ಕ್ರಮ. ಅಧ್ಯಾಯವನ್ನು ಕಾಲೇಜಿನಲ್ಲಿ ಕೇಳಿ, ಪುಸ್ತಕದಲ್ಲಿ ಓದಿ, ಇಲ್ಲಿ ಟೆಸ್ಟ್ ಬರೆದು, ತಪ್ಪಿದ ಭಾಗಕ್ಕೆ ಮಾತ್ರ ವಿಡಿಯೊ ನೋಡಬೇಕು. ಹೀಗೆ ಮಾಡಿದರೆ ಡೇಟಾ ಕೂಡ ಉಳಿಯುತ್ತದೆ. ಒಂದು ಗಂಟೆಯ ವಿಡಿಯೊ ಸಾಧಾರಣ ಗುಣಮಟ್ಟದಲ್ಲೂ ಹತ್ತಿರ ಹತ್ತಿರ ಅರ್ಧ ಜಿಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಮನೆಮಂದಿಗೆಲ್ಲ ಒಂದೇ ಫೋನಿನಲ್ಲಿ ಇದ್ದರೆ ಮೂರು ಗಂಟೆಗೆ ಆಟ ಮುಗಿಯಿತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಮತ್ತು ಇಂಟರ್ನೆಟ್ ಕೆಲಸ ಮಾಡುತ್ತಿದ್ದರೆ ವಿಡಿಯೊ ಅಲ್ಲಿ ನೋಡಿ, ಫೋನಿನ ಡೇಟಾವನ್ನು ಟೆಸ್ಟಿಗೆ ಇಟ್ಟುಕೊಳ್ಳುವುದು ಜಾಣತನ.

ಕೊರತೆಗಳಲ್ಲಿ ದೊಡ್ಡದು ಭಾಷೆಯದು. ಬೇರೆ ಭಾರತೀಯ ಭಾಷೆಗಳಲ್ಲಿ ಪುಟಗಳಿದ್ದರೂ ಪಾಠಗಳ ಉಸಿರು ಇಂಗ್ಲಿಷ್ ಮತ್ತು ಹಿಂದಿ. ಯಾದಗಿರಿಯದೋ ಚಾಮರಾಜನಗರದ್ದೋ ಮಗುವಿಗೆ ಹಿಂದಿ ಬೆರೆತ ಭೌತಶಾಸ್ತ್ರ ಎರಡು ಪಟ್ಟು ಕಷ್ಟ. ಇನ್ನೊಂದು, ‘ಇವತ್ತು ಯಾಕೆ ಕೂರಲಿಲ್ಲ’ ಎಂದು ಕೇಳುವವರು ಇಲ್ಲಿ ಯಾರೂ ಇಲ್ಲ. ತಾನಾಗಿ ಎದ್ದು ಓದುವ ಮಗುವಿಗೆ ಇದು ಸಾಕು, ಉಳಿದವರಿಗೆ ಇದೊಂದೇ ಸಾಲದು. ಮೂರನೆಯದು, ಟೆಸ್ಟ್ ಪರದೆಯ ಮೇಲೆ, ಪರೀಕ್ಷೆ ಕಾಗದದ ಮೇಲೆ. ಪರದೆಯಲ್ಲಿ ಉತ್ತರ ಒತ್ತಲು ಒಂದು ಸೆಕೆಂಡು. ಓಎಂಆರ್‌ನಲ್ಲಿ, ಅಂದರೆ ಯಂತ್ರ ಓದುವ ಉತ್ತರ ಹಾಳೆಯಲ್ಲಿ, ಕಪ್ಪು ಬಾಲ್‌ಪಾಯಿಂಟ್ ಪೆನ್ನಿಂದ 180 ವೃತ್ತ ತುಂಬಲು ರೂಢಿಯಿದ್ದವರಿಗೂ 10–12 ನಿಮಿಷ. 2025ರಲ್ಲಿ ಹೆಚ್ಚುವರಿ 20 ನಿಮಿಷ ಕಿತ್ತುಹೋದ ಮೇಲೆ ಈ 12 ನಿಮಿಷವೇ ಭೌತಶಾಸ್ತ್ರದ ಆರೇಳು ಪ್ರಶ್ನೆ. ಖಾಲಿ ಓಎಂಆರ್ ಹಾಳೆಯನ್ನು ಝೆರಾಕ್ಸ್ ಮಾಡಿಸಿ, ಪರದೆಯ ಟೆಸ್ಟನ್ನೂ ಕಾಗದದ ಮೇಲೆ ತುಂಬಿ ರೂಢಿ ಮಾಡಬೇಕು. 25–30 ಪ್ರಶ್ನೆಗೊಮ್ಮೆ ತುಂಬುತ್ತಾ ಹೋಗುವವರು ಕೊನೆಯ ಹತ್ತು ನಿಮಿಷದ ಗಾಬರಿಯಿಂದ ಪಾರಾಗುತ್ತಾರೆ. ಎಲ್ಲ ಮುಗಿಸಿ ಕೊನೆಗೆ ತುಂಬುವವರು ಒಂದು ಸಾಲು ಜಾರಿದರೆ ಅಲ್ಲಿಂದ ಮುಂದೆ ಎಲ್ಲವೂ ಜಾರುತ್ತದೆ.

ದಕ್ಷಣಾ

ಅಮೆರಿಕದಲ್ಲಿ ನೆಲೆಸಿದ ಹೂಡಿಕೆದಾರ ಮೋಹ್ನಿಶ್ ಪಬ್ರಾಯ್ ದಂಪತಿ 2007ರಲ್ಲಿ ಕಟ್ಟಿದ ಸಂಸ್ಥೆ. ಮೊದಲು ಐಐಟಿಗೆ, ಆಮೇಲೆ ವೈದ್ಯಕೀಯಕ್ಕೂ ತರಬೇತಿ ಆರಂಭಿಸಿತು. ಜವಾಹರ ನವೋದಯ ವಿದ್ಯಾಲಯಗಳ ಮಕ್ಕಳನ್ನು ತನ್ನದೇ ಪರೀಕ್ಷೆಯಿಂದ ಆಯ್ದು, ವಸತಿ, ಊಟ, ಪುಸ್ತಕ, ಬೋಧನೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಪುಣೆ ಜಿಲ್ಲೆಯಲ್ಲಿ ದಕ್ಷಣಾ ವ್ಯಾಲಿ ಎಂಬ ಸ್ವಂತ ಆವರಣವಿದೆ.

ಇಲ್ಲಿ ಪರಿಶೀಲಿಸಿದ ನಾಲ್ಕರಲ್ಲಿ ಟೆಸ್ಟ್ ವಿಶ್ಲೇಷಣೆಯ ವಿಷಯಕ್ಕೆ ಹೆಚ್ಚು ಅಂಕ ಇದಕ್ಕೆ. ಕಾರಣ ಸರಳ: ಮಗು ದಿನವಿಡೀ ಅಲ್ಲೇ ಇರುತ್ತದೆ, ಅಧ್ಯಾಪಕರೂ ಅಲ್ಲೇ, ಸುತ್ತ ಕೂತವರೆಲ್ಲ ಅದೇ ಪರೀಕ್ಷೆಗೆ ಓದುವವರು. ಮನೆಯ ಕೆಲಸ, ಎಮ್ಮೆ, ತಮ್ಮನ ಶಾಲೆ, ಕರೆಂಟು ಇವು ಓದಿನ ಮಧ್ಯೆ ಬರುವುದಿಲ್ಲ. ಬಡ ಮಕ್ಕಳ ತಯಾರಿಯಲ್ಲಿ ವಸತಿಯ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಆನ್‌ಲೈನ್ ಯೋಜನೆ ರೂಪಿಸುವವರು ಪದೇ ಪದೇ ಮರೆಯುತ್ತಾರೆ.

ಆದರೆ ಬಾಗಿಲು ಕಿರಿದು. ಇದಕ್ಕೆ ಅರ್ಹತೆ ಬರುವುದು ಮುಖ್ಯವಾಗಿ ನವೋದಯದ ಮೂಲಕ, ನವೋದಯಕ್ಕೆ ಅರ್ಹತೆ ಬರುವುದು ಮುಖ್ಯವಾಗಿ ಆರನೇ ತರಗತಿಯ ಪ್ರವೇಶ ಪರೀಕ್ಷೆಯಿಂದ. ಅಲ್ಲಿ ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೇ. ಅಂದರೆ ಈಗ ನವೋದಯದ ಹೊರಗೆ ಪಿಯುಸಿಯಲ್ಲಿರುವ ಮಗುವಿಗೆ ಈ ದಾರಿಯಿಂದ ಹೆಚ್ಚು ಉಪಯೋಗವಿಲ್ಲ. ಅದರ ಐದನೇ ತರಗತಿಯ ತಂಗಿಗೆ ಇದೆ.

ನವೋದಯದ ಕನ್ನಡಿಗ ಮಕ್ಕಳು ಎರಡು ವಿಷಯ ಗಮನಿಸಬೇಕು. ಕೆಇಎ ಮೂಲಕ ರಾಜ್ಯ ಕೋಟಾ ಕೇಳಲು ಸಾಮಾನ್ಯ ಅರ್ಹತೆಯೆಂದರೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರುವುದು ಮತ್ತು ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸು ಮಾಡಿರುವುದು. ಹತ್ತು ಇಲ್ಲೇ ಮುಗಿಸಿ ಹೊರಗೆ ಹೋದವರಿಗೆ ತೊಂದರೆಯಿಲ್ಲ. ಆದರೆ ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಪೂರ್ತಿ 10 ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ನವೋದಯದಲ್ಲಿ ಒಂಬತ್ತನೇ ತರಗತಿಯ ಕೆಲವರನ್ನು ಒಂದು ವರ್ಷ ಹಿಂದಿ ರಾಜ್ಯದ ಶಾಲೆಗೆ ಕಳಿಸುವ ಪದ್ಧತಿಯಿದೆ. ನಿಯಮದ ಅಕ್ಷರ ಹಿಡಿದು ಓದಿದರೆ ಆ ಒಂದು ವರ್ಷ 10ರ ಲೆಕ್ಕವನ್ನು ತುಂಡು ಮಾಡುತ್ತದೆ. ಹೋಗುವ ಮುಂಚೆ ಕೆಇಎಯಲ್ಲಿ ಕೇಳಿ ತಿಳಿದುಕೊಳ್ಳಬೇಕಾದ ಮಾತು ಇದು.

ಸರ್ಕಾರಿ ಪಿಯು ಕಾಲೇಜಿನ ತರಗತಿ

ಲಾಕ್‌ಡೌನ್ ಹೊತ್ತಿನಲ್ಲಿ, 2020ರಲ್ಲಿ, ರಾಜ್ಯ ಸರ್ಕಾರ ‘ಗೆಟ್‌ಸೆಟ್‌ಗೋ’ ಹೆಸರಿನಲ್ಲಿ ಆನ್‌ಲೈನ್ ಸಿಇಟಿ–ನೀಟ್ ಪಾಠ ಕೊಟ್ಟಿತ್ತು. 2024–25ರಿಂದ ಸರ್ಕಾರಿ ಪಿಯು ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳಿಗೆ ನೀಟ್, ಜೆಇಇ, ಸಿಇಟಿ ಮೂರಕ್ಕೂ ಸೇರಿ ಉಚಿತ ತರಬೇತಿ ಬಂದಿದೆ. ಇದರ ಅತಿ ದೊಡ್ಡ ಗುಣ, ಮಗು ಇರುವ ಜಾಗಕ್ಕೇ ತರಬೇತಿ ಬರುತ್ತದೆ. ಊರು ಬಿಡಬೇಕಿಲ್ಲ, ಹಾಸ್ಟೆಲ್ ಹುಡುಕಬೇಕಿಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಹಿಂಜರಿಯುವ ಮನೆಗಳಲ್ಲಿ ಎಷ್ಟೋ ಸಲ ಇದೊಂದೇ ದಾರಿ.

ಕೊರತೆ ಇರುವುದು ಹೊತ್ತಿನಲ್ಲಿ. ಪಿಯು ವಾರ್ಷಿಕ ಪರೀಕ್ಷೆ ಮಾರ್ಚ್‌ನಲ್ಲಿ, ಸಿಇಟಿ ಏಪ್ರಿಲ್‌ನಲ್ಲಿ, ನೀಟ್ ಮೇ ಮೊದಲ ಭಾನುವಾರದ ಆಸುಪಾಸಿನಲ್ಲಿ. ಜೂನ್‌ನಲ್ಲಿ ಆರಂಭವಾದ ತರಬೇತಿಗೂ ನವೆಂಬರ್‌ನಲ್ಲಿ ಆರಂಭವಾದದ್ದಕ್ಕೂ ಆಕಾಶ ಭೂಮಿಯ ಅಂತರ. ನವೆಂಬರ್‌ನಿಂದ ಫೆಬ್ರುವರಿಯೊಳಗೆ 50 ಘಟಕ ಮುಗಿಸುವುದೆಂದರೆ ವಾರಕ್ಕೆ ಮೂರು, ಅದೂ ಪ್ರಥಮ ಪಿಯುಸಿಯ ಪಾಠ ಪೂರ್ತಿ ಮರೆತಿರುವ ಮಕ್ಕಳಿಗೆ. ನೀಟ್‌ನಲ್ಲಿ ಅರ್ಧದಷ್ಟು ಪ್ರಶ್ನೆ ಪ್ರಥಮ ಪಿಯುಸಿಯಿಂದಲೇ ಬರುತ್ತವೆ. ಆ ವರ್ಷ ಬೋರ್ಡ್ ಪರೀಕ್ಷೆಯ ಭಯವಿಲ್ಲದ ಕಾರಣ ಎಲ್ಲರೂ ಸಡಿಲ ಬಿಡುತ್ತಾರೆ, ಕಾಲೇಜಿನವರೂ ಸೇರಿ.

ಇನ್ನೊಂದು, ಕಾಲೇಜು ಬಿಟ್ಟ ಮೇಲಿನ ತರಗತಿಯ ಹಾಜರಿ ನಿಂತಿರುವುದು ಕೊನೆಯ ಬಸ್ಸಿನ ಮೇಲೆ. ಸಂಜೆ ಐದೂವರೆಗೆ ಊರಿನ ಬಸ್ಸು ಹೋಗಿಬಿಟ್ಟರೆ ಆರರ ಪಾಠಕ್ಕೆ ಯಾರು ಕೂರುತ್ತಾರೆ? ಪರದೆಯ ಮೇಲಿನ ಪಾಠವನ್ನು ಬೆಳಗಿನ ಒಂದು ಪೀರಿಯಡ್‌ಗೆ ತಂದು, ಸ್ಥಳೀಯ ಉಪನ್ಯಾಸಕರೊಬ್ಬರು ಅಲ್ಲೇ ನಿಂತು ಡೌಟ್ ಬಿಡಿಸುವ ಕಾಲೇಜುಗಳಲ್ಲಿ ಇದು ನಿಜವಾಗಿ ನಡೆಯುತ್ತದೆ. ರಿಮೋಟ್ ಒತ್ತಿ ಸ್ಟಾಫ್ ರೂಮಿಗೆ ಹೋಗುವ ಕಡೆ ಮಕ್ಕಳು ಎರಡನೇ ವಾರಕ್ಕೆ ಖಾಲಿ. ಯೋಜನೆ ಒಂದೇ, ಫಲ ಕಾಲೇಜಿಗೊಂದು. ಹಾಗಾಗಿ ಇದಕ್ಕೆ ಒಂದೇ ರೇಟಿಂಗ್ ಕೊಡಲು ಬರುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ತರಗತಿ ಯಾವ ತಿಂಗಳು ಆರಂಭ, ಯಾವ ಹೊತ್ತಿಗೆ, ಪಕ್ಕದಲ್ಲಿ ಯಾರು ಇರುತ್ತಾರೆ, ಈ ಮೂರನ್ನು ಕೇಳಿದರೆ ಉತ್ತರ ಅಲ್ಲೇ ಇದೆ.

‘100% ಸ್ಕಾಲರ್‌ಶಿಪ್’

ಖಾಸಗಿಯವರ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಪೂರ್ತಿ ರಿಯಾಯಿತಿ ಎಂದಾಗ ಕೇಳಬೇಕಾದದ್ದು, ಯಾವುದರ ಮೇಲೆ ಎಂದು. ಬಹುತೇಕ ಕಡೆ ಅದು ಬೋಧನಾ ಶುಲ್ಕದ ಮೇಲೆ ಮಾತ್ರ. ಹಾಸ್ಟೆಲ್, ಮೆಸ್, ಪುಸ್ತಕ, ಟೆಸ್ಟ್ ಸರಣಿ, ಪ್ರವೇಶ ಶುಲ್ಕ ಬೇರೆ ಬೇರೆ ರಸೀದಿಗಳಾಗಿ ಬರುತ್ತವೆ. ಮಧ್ಯದಲ್ಲಿ ಬಿಟ್ಟರೆ ರಿಯಾಯಿತಿ ವಾಪಸ್ ಕೊಡಬೇಕು ಎಂಬ ಕರಾರಿದೆಯೇ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ ನೋಡಿ. ಮೂಲ ದಾಖಲೆ ಅವರ ಬೀರುವಿನಲ್ಲಿದ್ದರೆ ಕೆಇಎ ಪರಿಶೀಲನೆಯ ದಿನ ಮಗು ಅವರ ಮರ್ಜಿಯಲ್ಲಿರುತ್ತದೆ. ಯಾವ ಕಾರಣಕ್ಕೂ ಕೊಡಬೇಡಿ, ಝೆರಾಕ್ಸ್ ಸಾಕು.

ಜಾಹೀರಾತಿನ ‘ನಮ್ಮಲ್ಲಿ 300 ಮಂದಿ ನೀಟ್ ಕ್ವಾಲಿಫೈ’ ಎಂಬುದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. 2025ರಲ್ಲಿ ಪರೀಕ್ಷೆ ಬರೆದ ಸುಮಾರು 22 ಲಕ್ಷ ಮಂದಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಅರ್ಹತೆ ಪಡೆದರು. ಸಾಮಾನ್ಯ ವರ್ಗಕ್ಕೆ 720ಕ್ಕೆ 144, ಪರಿಶಿಷ್ಟರಿಗೆ ಮತ್ತು ಹಿಂದುಳಿದವರಿಗೆ 113 ಅಂಕ ಬಂದರೂ ಕ್ವಾಲಿಫೈ. ಇಡೀ ದೇಶದ ಎಂಬಿಬಿಎಸ್ ಸೀಟುಗಳು ಆ ಸಂಖ್ಯೆಯ ಹತ್ತನೇ ಒಂದು ಭಾಗದ ಆಸುಪಾಸು. ಕೇಳಬೇಕಾದ ಪ್ರಶ್ನೆ ಇದು: ನಿಮ್ಮಲ್ಲಿ ಓದಿದ ಎಷ್ಟು ಮಂದಿಗೆ ಸರ್ಕಾರಿ ಶುಲ್ಕದ ಎಂಬಿಬಿಎಸ್ ಸೀಟು ಸಿಕ್ಕಿತು, ಅವರಲ್ಲಿ ಎಷ್ಟು ಮಂದಿ ಕನ್ನಡ ಮಾಧ್ಯಮದವರು, ಎಷ್ಟು ಮಂದಿ ರಿಪೀಟರ್‌ಗಳು? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಎಲ್ಲ ಕಡೆ ಬಿಟ್ಟುಹೋಗುವ ಮೊದಲ ಎಂಟು ವಾರ

ಪ್ರಥಮ ಪಿಯುಸಿಯ ಜೂನ್‌ನಲ್ಲಿ ಎಲ್ಲರೂ ನೇರ ಚಲನೆಯ ಸಮೀಕರಣಗಳಿಗೆ ಧುಮುಕುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಮಗು ಅಲ್ಲೇ ಹಿಂದೆ ಬೀಳುತ್ತದೆ, ಭೌತಶಾಸ್ತ್ರ ನನಗೆ ಬರುವುದಿಲ್ಲ ಎಂದು ಆಗಸ್ಟ್‌ನಲ್ಲೇ ತೀರ್ಮಾನಿಸಿಬಿಡುತ್ತದೆ. ಬರದೇ ಇರುವುದು ಗಣಿತದ ಸಲಕರಣೆ. ಘಾತಾಂಕ, ಲಾಗರಿತಮ್, ತ್ರಿಕೋನಮಿತಿಯ ಮೂಲ ಬೆಲೆಗಳು, ಸದಿಶಗಳ ಕೂಡಿಕೆ, ರೇಖಾಚಿತ್ರದ ಇಳಿಜಾರು ಮತ್ತು ಅದರ ಕೆಳಗಿನ ವಿಸ್ತೀರ್ಣ, ಸರಳ ಅವಕಲನ–ಅನುಕಲನ, ಇಷ್ಟನ್ನು ಎಂಟು ವಾರ, ದಿನಕ್ಕೆ 45 ನಿಮಿಷ ಕೊಟ್ಟು ಗಟ್ಟಿ ಮಾಡಿಸಿದರೆ ಆಮೇಲಿನ ಎರಡು ವರ್ಷ ಹಗುರ. ಲಾಗ್ 2 ಎಂದರೆ 0.301, ಲಾಗ್ 3 ಎಂದರೆ 0.477, ಎರಡರ ವರ್ಗಮೂಲ 1.414, ಮೂರರದ್ದು 1.732, ಇವು ನಾಲಿಗೆಯ ತುದಿಯಲ್ಲಿರಬೇಕು. ಪಿಎಚ್ ಲೆಕ್ಕ, ಮೊದಲನೇ ದರ್ಜೆಯ ಕ್ರಿಯಾವೇಗ, ನರ್ನ್ಸ್ಟ್ ಸಮೀಕರಣ ಎಲ್ಲವೂ ಇದರ ಮೇಲೆ ನಿಂತಿವೆ. ಪರೀಕ್ಷಾ ಕೊಠಡಿಯಲ್ಲಿ ಕ್ಯಾಲ್ಕುಲೇಟರೂ ಇಲ್ಲ, ಲಾಗ್ ಪುಸ್ತಕವೂ ಇಲ್ಲ.

ಇಂಗ್ಲಿಷ್‌ನ ವಿಷಯಕ್ಕೆ ಬಂದರೆ, ‘ಸ್ಪೋಕನ್ ಇಂಗ್ಲಿಷ್’ ತರಗತಿ ಇಟ್ಟು ಕೈತೊಳೆದುಕೊಳ್ಳುವ ತರಬೇತಿಗಳಿಗೆ ಒಂದು ಮಾತು. ನೀಟ್ ಬರೆಯಲು ಇಂಗ್ಲಿಷ್ ಮಾತಾಡಬೇಕಿಲ್ಲ. ಪ್ರಶ್ನೆಯ ವಾಕ್ಯರಚನೆ ಅರ್ಥವಾಗಬೇಕು. ‘ತಪ್ಪು ಹೇಳಿಕೆಯನ್ನು ಗುರುತಿಸಿ’, ‘ಇವುಗಳಲ್ಲಿ ಯಾವುದನ್ನು ಹೊರತುಪಡಿಸಿ’, ‘ಪ್ರತಿಪಾದನೆ ಸರಿ ಆದರೆ ಕಾರಣ ಸರಿಯಾದ ವಿವರಣೆ ಅಲ್ಲ’, ಈ ಬಗೆಯ ಹತ್ತು ಹದಿನೈದು ಅಚ್ಚುಗಳೇ ಪ್ರತಿ ವರ್ಷ ತಿರುಗಿ ಬರುತ್ತವೆ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತೆಗೆದು, ಉತ್ತರ ಬರೆಯದೆ, ಪ್ರಶ್ನೆ ಏನು ಕೇಳುತ್ತಿದೆ ಎಂದು ಮಾತ್ರ ಕನ್ನಡದಲ್ಲಿ ಹೇಳಿಸುವ ಅಭ್ಯಾಸ ದಿನಕ್ಕೆ 20 ಪ್ರಶ್ನೆಯಂತೆ ಎರಡು ತಿಂಗಳು ಮಾಡಿಸಿದರೆ ಸಾಕು. ಖರ್ಚು ಸೊನ್ನೆ. ಆದರೂ ಇದನ್ನು ವೇಳಾಪಟ್ಟಿಯಲ್ಲಿ ಹಾಕುವ ತರಬೇತಿ ಅಪರೂಪ.

ಕನ್ನಡದಲ್ಲೇ ನೀಟ್ ಬರೆಯಬಹುದಲ್ಲ ಎಂದರೆ, ಬರೆಯಬಹುದು. ಅರ್ಜಿಯಲ್ಲಿ ಕನ್ನಡ ಆರಿಸಿದರೆ ಕರ್ನಾಟಕದ ಕೇಂದ್ರಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಪಿಯುಸಿಯನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಮಾಕ್‌ಗಳನ್ನೆಲ್ಲ ಇಂಗ್ಲಿಷ್‌ನಲ್ಲಿ ಬರೆದು, ಕೊನೆಯ ದಿನ ಕನ್ನಡ ಪತ್ರಿಕೆ ಹಿಡಿಯುವುದು ಕೆಲಸಕ್ಕೆ ಬರುವುದಿಲ್ಲ. ಎರಡೂ ವರ್ಷ ಕನ್ನಡದಲ್ಲೇ ಓದಲು ಬೇಕಾದ ಟೆಸ್ಟ್ ಸರಣಿ ಉಚಿತ ಯೋಜನೆ ಯಾವುದರಲ್ಲೂ ಹೇಳಿಕೊಳ್ಳುವಷ್ಟಿಲ್ಲ. ಸದ್ಯಕ್ಕೆ ನಮ್ಮ ಸಲಹೆ ಇಂಗ್ಲಿಷ್ ಪತ್ರಿಕೆ, ಕನ್ನಡದ ವಿವರಣೆ.

ಟೆಸ್ಟ್ ಬರೆದ ಮೇಲೆ

ಮೂರು ಗಂಟೆ ಟೆಸ್ಟ್ ಬರೆಸಿ, ಮೂರು ನಿಮಿಷದಲ್ಲಿ ರ‍್ಯಾಂಕ್ ಓದಿ ಕಳಿಸುವುದು ಉಚಿತ, ಸಶುಲ್ಕ ಎಂಬ ಭೇದವಿಲ್ಲದೆ ಎಲ್ಲೆಡೆ ಇರುವ ರೋಗ. ಟೆಸ್ಟಿನಷ್ಟೇ ಹೊತ್ತು ತಪ್ಪುಗಳ ಮೇಲೆ ಕೂರಬೇಕು. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಗುರುತು: ಗೊತ್ತಿರಲಿಲ್ಲ, ಗೊತ್ತಿತ್ತು ಲೆಕ್ಕ ತಪ್ಪಿತು, ಪ್ರಶ್ನೆ ತಪ್ಪಾಗಿ ಓದಿದೆ, ಓಎಂಆರ್ ತಪ್ಪಿತು. ಐದಾರು ಟೆಸ್ಟ್ ಆದ ಮೇಲೆ ಎಣಿಸಿದರೆ ಚಿತ್ರ ಸಿಗುತ್ತದೆ. ‘ತಪ್ಪಾಗಿ ಓದಿದೆ’ ಎಂಬ ಸಾಲು ಉದ್ದವಾಗಿದ್ದರೆ ಇನ್ನಷ್ಟು ಪಾಠ ಕೇಳಿ ಪ್ರಯೋಜನವಿಲ್ಲ.

ಊಹೆಯ ಬಗ್ಗೆಯೂ ತಪ್ಪು ಉಪದೇಶ ಓಡಾಡುತ್ತಿದೆ. ನಾಲ್ಕು ಆಯ್ಕೆಗಳಲ್ಲಿ ಏನೂ ಗೊತ್ತಿಲ್ಲದೆ ಗುರುತು ಹಾಕಿದರೆ ಸರಾಸರಿ ಲಾಭ ಪ್ರಶ್ನೆಗೆ ಕಾಲು ಅಂಕ, ಅದಕ್ಕೆ ತಗಲುವ ಸಮಯ ಮತ್ತು ಅಪಾಯ ನೋಡಿದರೆ ಬೇಡ. ಒಂದು ಆಯ್ಕೆ ಖಂಡಿತ ಅಲ್ಲ ಎಂದು ತೆಗೆದರೆ ಸರಾಸರಿ ಅಂಕದ ಮೂರನೇ ಎರಡು ಭಾಗ. ಎರಡನ್ನು ತೆಗೆದರೆ ಒಂದೂವರೆ. ‘ಗೊತ್ತಿಲ್ಲದಿದ್ದರೆ ಮುಟ್ಟಬೇಡ’ ಎಂದು ಮಕ್ಕಳನ್ನು ಹೆದರಿಸುವುದರಿಂದ ಎರಡು ಆಯ್ಕೆ ತೆಗೆದಾದ ಮೇಲೂ ಖಾಲಿ ಬಿಟ್ಟು ಬರುತ್ತಾರೆ. ಖಂಡಿತವಾಗಿ ಎರಡು ತೆಗೆದಿದ್ದರೆ ಹಾಕು, ಇಲ್ಲದಿದ್ದರೆ ಮುಂದೆ ಹೋಗು ಎಂಬ ಸರಳ ನಿಯಮ ಸಾಕು.

ಸಮಯ ಹಂಚಿಕೆ ಪ್ರತಿಯೊಬ್ಬರಿಗೂ ಬೇರೆ. ಆದರೂ ಜೀವಶಾಸ್ತ್ರ 45–50 ನಿಮಿಷದೊಳಗೆ ಮುಗಿಯದಿದ್ದರೆ ಭೌತಶಾಸ್ತ್ರಕ್ಕೆ ಒಂದು ಗಂಟೆ ಉಳಿಯುವುದಿಲ್ಲ. ಜೀವಶಾಸ್ತ್ರಕ್ಕೆ ಎನ್‌ಸಿಇಆರ್‌ಟಿಯ 32 ಅಧ್ಯಾಯಗಳನ್ನು ಸಾಲು ಬಿಡದೆ, ಚಿತ್ರದ ಕೆಳಗಿನ ಬರಹ ಸಮೇತ ಓದುವುದಕ್ಕಿಂತ ಒಳ್ಳೆಯ ನೋಟ್ಸ್ ಇಲ್ಲ. ವಾರಕ್ಕೊಂದರಂತೆ ಒಂದು ಸುತ್ತಿಗೆ 32 ವಾರ, ಎರಡನೇ ಸುತ್ತು ಅದರ ಅರ್ಧ ಹೊತ್ತಿನಲ್ಲಿ.

ದಾಖಲೆ

ಪರಿಶೀಲಿಸಿದ ತರಬೇತಿಗಳಲ್ಲಿ ದಾಖಲೆ, ಕೌನ್ಸೆಲಿಂಗ್ ವಿಷಯಕ್ಕೆ ಪಾಸ್ ಮಾರ್ಕು ಕೊಡಬಹುದಾದದ್ದು ಒಂದೂ ಇಲ್ಲ. ರಾಷ್ಟ್ರಮಟ್ಟದ ಯೋಜನೆಗಳಿಗೆ ಕರ್ನಾಟಕದ ನಿಯಮ ಗೊತ್ತಿರುವುದಿಲ್ಲ, ಇಲ್ಲಿಯವರು ‘ರಿಸಲ್ಟ್ ಬಂದ ಮೇಲೆ ನೋಡೋಣ’ ಎನ್ನುತ್ತಾರೆ. ರಿಸಲ್ಟ್ ಬಂದ ಮೇಲೆ ನೋಡಲು ಹೊತ್ತಿರುವುದಿಲ್ಲ.

ಬೇರೆ ಕಡೆ ಈ ಹೊಣೆಯನ್ನು ವ್ಯವಸ್ಥೆಯೇ ಹೊರುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜು 2001ರಿಂದ ಹಿಂದುಳಿದ ಶಾಲೆಗಳ ಮಕ್ಕಳಿಗೆಂದೇ ಆರು ವರ್ಷದ ವಿಸ್ತರಿತ ವೈದ್ಯಕೀಯ ಪದವಿ ನಡೆಸುತ್ತಿದೆ. ಪ್ರವೇಶಕ್ಕೆ ಅಂಕ ಸ್ವಲ್ಪ ಕಡಿಮೆ ಸಾಕು, ಮೊದಲ ವರ್ಷದ ಪಾಠವನ್ನು ಎರಡು ವರ್ಷಕ್ಕೆ ಹರಡಿ ಆಸರೆ ಕೊಡುತ್ತಾರೆ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ 6ರಿಂದ 12 ಓದಿದವರಿಗೆ 7.5% ಸೀಟು ತೆಗೆದಿಟ್ಟಿತು. ನಮ್ಮಲ್ಲಿ ಇರುವುದು ಪ್ರತಿ ವರ್ಗದೊಳಗೆ 15% ಗ್ರಾಮೀಣ ಮತ್ತು 5% ಕನ್ನಡ ಮಾಧ್ಯಮ ಮೀಸಲು, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲು. ಇವುಗಳ ತೂಕ ದೊಡ್ಡದು. ಆದರೆ ಕೇಳಿ ಪಡೆಯಬೇಕು, ಕಾಗದ ಸರಿಯಿರಬೇಕು.

ಕನ್ನಡ ಮಾಧ್ಯಮಕ್ಕೆ 1ರಿಂದ 10 ಕನ್ನಡದಲ್ಲೇ ಓದಿದ ಪ್ರಮಾಣಪತ್ರ, ಗ್ರಾಮೀಣಕ್ಕೆ 10 ವರ್ಷದ ವ್ಯಾಸಂಗ ಪ್ರಮಾಣಪತ್ರ, ಎರಡಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು. ಎರಡೂ ಇದ್ದರೆ ಎರಡನ್ನೂ ಕೇಳಬಹುದು. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದರಲ್ಲಿ ಆಗಿದ್ದರೆ ಎರಡು ಮೂರು ಕಡೆ ಅಲೆದಾಟ ಖಚಿತ. ಶಾಲೆ ಮುಚ್ಚಿದ್ದರೆ, ಊರು ಪಟ್ಟಣ ಪಂಚಾಯಿತಿ ಆಗಿದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಈ ಕೆಲಸ ಮುಗಿಸಬೇಕು. ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆಯಿರುವ ಜಾತಿ–ಆದಾಯ ಪ್ರಮಾಣಪತ್ರದಲ್ಲಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದುತ್ತದೆಯೇ ಅಕ್ಷರ ಅಕ್ಷರ ನೋಡಬೇಕು. 371ಜೆ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯದು.

ಹೆಚ್ಚು ಮಂದಿ ಎಡವುವ ಕಲ್ಲು ಇನ್ನೊಂದಿದೆ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರಮಾಣಪತ್ರ ಕೆಇಎಗೆ ಮಾತ್ರ. ಅಖಿಲ ಭಾರತ 15% ಕೋಟಾಕ್ಕೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದೂ ಕೆನೆಪದರಕ್ಕೆ ಸೇರದವರು ಎಂದು ಹೇಳುವಂಥದ್ದು. ರಾಜ್ಯದ ಪಟ್ಟಿಯ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಇಲ್ಲದವರು ಆದಾಯ, ಆಸ್ತಿಯ ಮಿತಿಯೊಳಗಿದ್ದರೆ ಆರ್ಥಿಕವಾಗಿ ದುರ್ಬಲ ವರ್ಗದ (ಇಡಬ್ಲ್ಯುಎಸ್‌) ಮೀಸಲಿಗೆ ಅರ್ಜಿ ಹಾಕಬಹುದು. ನೀಟ್ ಅರ್ಜಿ ತುಂಬುವ ಸೈಬರ್ ಸೆಂಟರ್‌ನವನಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ತಾನಾಗಿ ಬರುವುದಿಲ್ಲ, ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು ಎಂಬುದೂ ಎಷ್ಟೋ ಮನೆಗಳಿಗೆ ಜುಲೈನಲ್ಲಿ ತಿಳಿಯುತ್ತದೆ.

ಕಟಾಫ್ ನೋಡುವಾಗ ಪತ್ರಿಕೆಯಲ್ಲಿ ಬಂದ ಒಂದೇ ಅಂಕಿ ನೋಡಿ ಎದೆಗುಂದಬೇಡಿ. ಕೆಇಎ ಪ್ರಕಟಿಸುವ ಪಟ್ಟಿಯಲ್ಲಿ ವರ್ಗದ ಹೆಸರಿನ ಮುಂದೆ ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ, ಎಚ್ ಇದ್ದರೆ ಕಲ್ಯಾಣ ಕರ್ನಾಟಕ. ನಿಮ್ಮ ಕಾಲಂನ ಹಿಂದಿನ ವರ್ಷದ ಕೊನೆಯ ಸುತ್ತಿನ ಸಂಖ್ಯೆಯೇ ನಿಮ್ಮ ಗುರಿ. ಆಯ್ಕೆ ತುಂಬುವಾಗ ಸೀಟಿನ ಬಗೆ ನೋಡಿ: ಜಿ ಎಂದರೆ ಸರ್ಕಾರಿ ಶುಲ್ಕದ್ದು, ಖಾಸಗಿ ಕಾಲೇಜಿನಲ್ಲೂ ಇರುತ್ತದೆ. ಪಿ, ಕ್ಯೂ, ಎನ್ ಎಂದರೆ ವರ್ಷಕ್ಕೆ ಹಲವು ಲಕ್ಷ. ಕಾಲೇಜಿನ ಹೆಸರು ಚೆನ್ನಾಗಿದೆ ಎಂದು ಪಿ ಸೀಟನ್ನು ಜಿ ಸೀಟಿಗಿಂತ ಮೇಲೆ ಹಾಕಿದರೆ ಯಂತ್ರ ಅದನ್ನೇ ಕೊಡುತ್ತದೆ. ಆಮೇಲೆ ಶುಲ್ಕ ಕಟ್ಟಲಾಗದೆ ಕೈಬಿಟ್ಟರೆ ಮುಂದಿನ ಸುತ್ತಿನ ಅವಕಾಶಕ್ಕೂ, ಕಟ್ಟಿದ ಠೇವಣಿಗೂ ಕುತ್ತು ಬರಬಹುದು, ಆ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲಿ ಆ ಪುಟವನ್ನು ಮೊದಲೇ ಓದಿಡಿ.